ತಾಂಬೂಲದಲ್ಲಿ ಪ್ರಚಾರ

"ವರಮಹಾಲಕ್ಷ್ಮಿ ತಾಂಬೂಲದ ಕವರಲ್ಲಿ 'ವ್ಯೂಗೇ ವೋಟ್ ಹಾಕಿ' ಅಂತ ಚೀಟಿ ಇಟ್ಯಾ? ದೇವ್ರ ಮುಂದೇನೇ ಪ್ರಚಾರಾನಾ?"

"ನೀವು ಅವ್ರಿಗೆ ಬೆಣ್ಣೆ ದೋಸೆ ತಿನ್ನಿಸ್ತಾ ರಿಯಾಕ್ಟ್ ಪುರಾಣ ಓದಿದ್ರಲ್ಲ, ಅದೇನು ಅನ್ನದಾನಾನಾ?"

ಶ್ರೀಗಂಧದ ಕಾವಲಿನಿಂದ ರಾಜಾಜಿನಗರದ ಆಫೀಸಿನವರೆಗೂ ಸ್ಕೂಟರ್ ಮೇಲೆ ಗಂಡ ಹೆಂಡತಿಯದು ಇದೇ ರಾಮಾಯಣ. ಕಲ್ಯಾಣ ಮಂಟಪ ಬುಕ್ ಮಾಡುವ ವೆಬ್‌ಸೈಟಿನ ಅರ್ಧವನ್ನು ಮಧ್ವೇಶ್ ರಿಯಾಕ್ಟ್ ಎಂಬ ಸಾಫ್ಟ್‌ವೇರ್ ಬಳಸಿ ಕಟ್ಟಿದ್ದ, ಇನ್ನರ್ಧವನ್ನು ದೀಪ್ತಿ ಅದರ ಪ್ರತಿಸ್ಪರ್ಧಿ ವ್ಯೂ ಬಳಸಿ. ಒಂದು ಮದುವೆಗೆ ಎರಡು ವಾಲಗ ಬೇಡ, ಯಾವುದಾದರೂ ಒಂದೇ ಇರಲಿ ಎಂದು ಬಾಸ್ ಪುರುಷೋತ್ತಮ ಈ ದಿನ ಆರು ಜನರ ವೋಟಿಗೆ ಬಿಟ್ಟಿದ್ದರು. ಸೋತವರ ಮೂರು ತಿಂಗಳ ಕೋಡ್ ಕಸದ ಬುಟ್ಟಿಗೆ.

ಮಿಕ್ಕ ನಾಲ್ವರು ಆಗಲೇ ಎರಡೆರಡಾಗಿ ಹಂಚಿಹೋಗಿದ್ದರು. ದೋಸೆ ತಿಂದವರು ಇವನ ಕಡೆ, ತಾಂಬೂಲ ಪಡೆದವರು ಅವಳ ಕಡೆ. ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ ದೀಪ್ತಿ ಇದ್ದಕ್ಕಿದ್ದಂತೆ ದನಿ ಇಳಿಸಿದಳು. ಮಧ್ವೇಶನಿಗೆ ಅವಳ ಜಗಳಕ್ಕಿಂತ ಈ ಮೆಲುದನಿಯೇ ಭಯ.

"ರೀ, ಸೋತ್ರೆ ನಂಗೆ ನಿಜವಾಗ್ಲೂ ಅಳು ಬರತ್ತೆ," ಅಂದಳು.

ಅವನಿಗೆ ಅಯ್ಯೋ ಪಾಪ ಅನ್ನಿಸಿತು. ತನ್ನ ಒಂದು ವೋಟು ಆಚೆ ಹೋದರೆ ಸಾಕು, ಅವಳು ಗೆದ್ದಳು. ಆಫೀಸಿಗೆ ಹೋದವನೇ, ಹಾಳಾಗಿ ಹೋಗಲಿ ಮೂರು ತಿಂಗಳ ಕೆಲಸ ಎಂದು ಕಣ್ಮುಚ್ಚಿ ಚೀಟಿಯಲ್ಲಿ 'ವ್ಯೂ' ಎಂದು ಗೀಚಿ, ಕೆಳಗೆ ಹೆಸರು ಬರೆದು ಕೊಟ್ಟ. ಮಹಾತ್ಯಾಗ ಮಾಡಿದವನಂತೆ ಕುರ್ಚಿಗೆ ಒರಗಿದ.

ಪುರುಷೋತ್ತಮ ಎಣಿಸಿದರು. ಮೂರು, ಮೂರು.

ಮತ್ತೆ ಎಣಿಸಿದರು. ಅಷ್ಟೇ. ಕನ್ನಡಕ ಮೂಗಿಗೆ ಇಳಿಸಿ ಇಬ್ಬರನ್ನೂ ನೋಡಿದರು.

"ಮಧ್ವೇಶ್, ನಿಮ್ದು ವ್ಯೂ. ದೀಪ್ತಿ, ನಿಮ್ದು ರಿಯಾಕ್ಟ್. ಮತ್ತೆ ಮೂರು ತಿಂಗಳಿಂದ ನನ್ನ ತಲೆ ತಿಂದಿದ್ದು ಯಾಕಪ್ಪಾ?"

ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ಮಧ್ವೇಶ್ ಹೆಂಡತಿಯ ಕಡೆ ತಿರುಗಿದರೆ ಅವಳ ಮುಖವೂ ಕೆಂಪು. ಪುರುಷೋತ್ತಮ ತೀರ್ಪು ಕೊಟ್ಟರು: ಸದ್ಯಕ್ಕೆ ಯಾರದ್ದೂ ಕಸಕ್ಕೆ ಹೋಗುವುದು ಬೇಡ. ಇನ್ನೊಬ್ಬರದೇ ಒಳ್ಳೆಯದೆಂದು ಬರೆದುಕೊಟ್ಟ ಮೇಲೆ, ಇವತ್ತಿನಿಂದಲೇ ಇಬ್ಬರೂ ಇನ್ನೊಬ್ಬರ ಕೋಡನ್ನೇ ನೋಡಿಕೊಳ್ಳಲಿ.

ಸಂಜೆ ಮಧ್ವೇಶ್ ಹಾಡು ಗುನುಗುತ್ತಾ ಸ್ಕೂಟರ್ ಓಡಿಸಿದ. ಅದೇ ಸಿಗ್ನಲ್‌ನಲ್ಲಿ ಹಿಂದೆ ಕೂತ ದೀಪ್ತಿ ಮೂಗೊರೆಸಿಕೊಂಡಳು.

"ಏನೇ, ಇನ್ನೂ ಅಳು ಬರ್ತಿದ್ಯಾ?"

"ಈಗ ಬರ್ತಿದೆ. ನಿಮ್ಮ ಕೋಡಿನ ಅವತಾರ ಬೆಳಗ್ಗೇನೇ ಒಂದ್ಸಲ ನೋಡಿದ್ದಿದ್ರೆ, ನನ್ನ ವೋಟ್ ನಂಗೇ ಹಾಕ್ಕೊಂಡಿರ್ತಿದ್ದೆ."