ಫಿನ್‌ಲ್ಯಾಂಡಿನ ಕಿಟಕಿಯಲ್ಲಿ ಹಳೇ ಚಪ್ಪಲಿ

ಗೊತ್ತಿಲ್ಲ ಎಂದು ಹೇಳುವುದಕ್ಕೆ ಎಷ್ಟು ಓದಿರಬೇಕೋ ನಾನರಿಯೆ. ನಾನು ಓದಿದ್ದು ಐದನೇ ಕ್ಲಾಸು. ಅಷ್ಟರೊಳಗೆ ಆ ಪಾಠ ಬಂದಿರಲಿಲ್ಲ. ಯಾರು ಏನು ಕೇಳಿದರೂ ಉತ್ತರ ಹೇಳಿಬಿಡುವುದು ನನ್ನ ಚಾಳಿ. ಕೆಲಮಂಗಲದ ಟೀ ಅಂಗಡಿಯ ಮುಂದೆ ದಾರಿ ಕೇಳಿದವರು ನಾನು ತೋರಿಸಿದ ಕಡೆ ಹೋಗಿ, ಅರ್ಧ ಗಂಟೆಯ ಮೇಲೆ ಅದೇ ಅಂಗಡಿಗೆ ಬಂದು ನಿಂತದ್ದುಂಟು. ಅಂಥ ಹೊತ್ತಿನಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತೇನೆ. ಆದರೆ ನನ್ನ ಒಂದು ತಪ್ಪು ಉತ್ತರದಿಂದ ಈ ವರ್ಷ ಎಂಥ ಒಳ್ಳೆಯದಾಯಿತೆಂದರೆ, ಪೇಪರನ್ನು ಮಡಚಿಟ್ಟು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಮೊಮ್ಮಗಳು ಪವಿತ್ರ ಸಂಕ್ರಾಂತಿ ಮುಗಿಸಿಕೊಂಡು ಫಿನ್‌ಲ್ಯಾಂಡಿಗೆ ಹೋದಳು. ಕೊಳಚೆ ನೀರನ್ನು ತಿಳಿ ಮಾಡುವ ಓದು. ಹೊಸೂರಿನಲ್ಲಿ ಬೆಳೆದ ಹುಡುಗಿ. ನಮ್ಮೂರಿಗೆ ಬಂದರೆ ಬೂಟು ಕೊಳೆಯಾಗುತ್ತದೆಂದು ಹೊಲಕ್ಕೆ ಕಾಲಿಡುತ್ತಿರಲಿಲ್ಲ. ಮಂಚದ ಮೇಲೆ ಕೂತು, ಫೋನು ನೋಡುತ್ತಾ, ಅವಳ ಅಜ್ಜಿ ಸುಲಿದ ಅವರೆಕಾಯಿಯ ಸಾರು ಉಣ್ಣುವಷ್ಟೇ ಬೇಸಾಯ ಅವಳಿಗೆ ಗೊತ್ತಿದ್ದದ್ದು. ಅವಳನ್ನು ಆಡಿಕೊಳ್ಳುವುದಕ್ಕೆ ನನಗೆ ಬಾಯಿಲ್ಲ. ನಾನೂ ಇಪ್ಪತ್ತೆಂಟು ವರ್ಷ ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ಚಕ್ರದ ನಟ್ಟು ಬಿಗಿದವನು. ಹೊಲ ನೋಡಿಕೊಂಡವಳು ನಮ್ಮವಳು, ಮುನಿಯಮ್ಮ. ಶಿಫ್ಟು ಮುಗಿಸಿ ಬಂದು, ಬದುವಿನ ಮೇಲೆ ನಿಂತು, 'ಹಿಂಗಲ್ಲ, ಹಂಗೆ' ಅನ್ನುವುದು ಮಾತ್ರ ನನ್ನ ಪಾಲಿನ ಕೆಲಸವಾಗಿತ್ತು.

ಅಲ್ಲಿ ಪವಿತ್ರಳಿಗೆ ಒಂದು ದಿನ ಹಿತಕಿದ ಬೇಳೆಯ ಆಸೆ ಹುಟ್ಟಿತು. ನಮ್ಮ ದೇಶದ ಸಾಮಾನು ಮಾರುವ ಅಂಗಡಿಯಲ್ಲಿ ಒಣ ಅವರೆ ತಂದು ನೆನೆಹಾಕಿದಳು. ಹಿತುಕುವಾಗ ಒಂದು ಕಾಳು ಕೈಜಾರಿ ಒಲೆಯ ಸಂದಿಗೆ ಬಿತ್ತು. ವಾರ ಕಳೆದು ನೋಡಿದರೆ ಮೊಳಕೆ! ಎಸೆಯಲು ಮನಸ್ಸಾಗದೆ ಐಸ್‌ಕ್ರೀಂ ಡಬ್ಬಿಗೆ ಮಣ್ಣು ತುಂಬಿ ನೆಟ್ಟಳು. ಅದು ಕಿಟಕಿಯೆಲ್ಲ ಹಬ್ಬಿತು. ಅಷ್ಟರಲ್ಲಿ ಬೇಸಿಗೆ ರಜ ಬಂತು. ಕ್ಲಾಸಿನ ಜೊತೆಯವರೆಲ್ಲ ಊರಿಗೆ ಹೋದರು. ಇವಳು ಹಾಸ್ಟೆಲಿನ ರೂಮಿನಲ್ಲಿ ಒಬ್ಬಳೇ, ಬಾಗಿಲು ಹಾಕಿಕೊಂಡು.

"ತಾತ, ನಂಗಿಲ್ಲಿ ಆಗ್ತಿಲ್ಲ," ಎಂದಳು ವಿಡಿಯೋದಲ್ಲಿ. ಕಣ್ಣು ಊದಿತ್ತು. "ಈ ಅವರೆ ನೋಡು, ಬರೀ ಸೊಪ್ಪು. ಒಂದು ಹೂವಿಲ್ಲ. ರಜ ಮುಗಿಯೋದ್ರೊಳ್ಗೆ ಹೂ ಬಿಟ್ರೆ ಇರ್ತೀನಿ, ಇಲ್ದಿದ್ರೆ ಓದು ಬಿಟ್ಟು ಬಂದ್ಬುಡ್ತೀನಿ. ಏನ್ ಮಾಡ್ಬೇಕೇಳು."

ಮುನಿಯಮ್ಮ ಹಿತ್ತಲಲ್ಲಿ ಹಸುವಿಗೆ ಮೇವು ಹಾಕುತ್ತಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಮೊಮ್ಮಗಳು ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಗಿಡದ ವಿಷಯ ಕೇಳಿದ್ದಾಳೆ, ಆ ಗೌರವವನ್ನು ಹಿತ್ತಲಿಗೆ ದಾಟಿಸುವುದು ಹೇಗೆ?

"ಅಷ್ಟೇನಾ! ಹಳೇ ಚಪ್ಪಲಿ ಒಂದು ಬಳ್ಳಿಗೆ ಕಟ್ಟು. ಪೊರಕೆ ತಗೊಂಡು ನಾಲ್ಕು ಬಾರ್ಸು. 'ಹೂ ಬುಡ್ತೀಯೋ, ಬುಡಕ್ಕೆ ಕುಡ್ಲು ಹಾಕ್ಲೋ' ಅಂತ ಜೋರಾಗಿ ಗದರ್ಸು. ನಾಚ್ಕೆ ಆಗಿ ಬುಡ್ತದೆ," ಎಂದೆ. ಕಾಯಿ ಬಿಡದ ಬಳ್ಳಿಗೆ ನಮ್ಮ ಕಡೆ ಹೀಗೆ ಮಾಡುವುದುಂಟು.

"ಇಲ್ಲಿ ಪೊರಕೆ ಇಲ್ಲ ತಾತ."

"ಪಾತ್ರೆ ಉಜ್ಜೋ ಬ್ರಷ್ಷಾದ್ರೂ ಆಯ್ತದೆ, ಬಾರ್ಸು."

ಮುನಿಯಮ್ಮನಿಗೆ ತಿಳಿದಾಗ ತಲೆ ಚಚ್ಚಿಕೊಂಡಳು. "ಅಲ್ಲ ಕಣಯ್ಯಾ, ನಾಟಿ ಅವರೆ ಯಾವತ್ತಾದ್ರೂ ಬೇಸ್ಗೇಲಿ ಹೂ ಬುಟ್ಟಿದ್ದು ನೋಡಿದ್ದೀಯಾ? ಹೊತ್ತು ಮೋಟಾಗ್ಬೇಕು, ಇಬ್ಬನಿ ಬೀಳ್ಬೇಕು. ಅಲ್ಲಿ ಹೊತ್ತೇ ಮುಳುಗಲ್ಲ ಅಂತಾಳೆ ಮಗ, ನೀನು ಚಪ್ಲಿ ಕಟ್ಸಿದ್ದೀಯ! ಅದು ಹೂ ಬುಡ್ದೆ ಮಗ ಓದ್ ಬುಟ್ಟು ಬಂದ್ರೆ ನೀನು ಆ ಟೀ ಅಂಗ್ಡೀಲೇ ಮನಿಕ್ಕೋ."

ಕೂಡಲೇ ಪವಿತ್ರಳಿಗೆ ಫೋನು ಮಾಡಿದರೆ ಸಿಗಲಿಲ್ಲ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವಳೇ ಫೋನು ಮಾಡಿದಳು. ನಗು ತಡೆಯಲಾಗದೆ ಫೋನು ಅಲ್ಲಾಡುತ್ತಿತ್ತು. ನಾನು ಹೇಳಿದಂತೆಯೇ ಮಾಡಿದ್ದಾಳೆ. ಗದರಿಸಿದ ಸದ್ದಿಗೆ ಪಕ್ಕದ ರೂಮಿನ ಹೆಲ್ಮಿ ಎಂಬ ಅಲ್ಲಿಯದೇ ಹುಡುಗಿ ಗಾಬರಿಯಾಗಿ ಬಾಗಿಲು ತಟ್ಟಿದಳಂತೆ. ಒಳಗೆ ನೋಡಿದರೆ ಕಿಟಕಿಯಲ್ಲಿ ಚಪ್ಪಲಿ, ಇವಳ ಕೈಯಲ್ಲಿ ಬ್ರಷ್ಷು, ಬೈಸಿಕೊಳ್ಳುತ್ತಿರುವುದು ಒಂದು ಗಿಡ. ಆರು ತಿಂಗಳಿಂದ ಗೋಡೆಯ ಆಚೆ ಈಚೆ ಇದ್ದು ಮಾತಾಡದವರು ಅವತ್ತು ಮಾತಾಡಿದರು. ಹೆಲ್ಮಿಯೂ ಒಂದು ಏಟು ಹಾಕಿ, ತನ್ನ ಭಾಷೆಯಲ್ಲಿ ಗದರಿಸಿದಳಂತೆ.

ಮರುದಿನವೇ ಹೆಲ್ಮಿ ಇವಳನ್ನು ಕಾಡಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರ ಕಾಡಿಗಾದರೂ ಹೋಗಿ ಹಣ್ಣು ಕಿತ್ತುಕೊಳ್ಳಬಹುದಂತೆ. "ಆನೆ ಬರಲ್ವೇನವ್ವಾ?" ಎಂದೆ. ಇಲ್ಲವಂತೆ. ಆನೆ ಇಲ್ಲದ್ದು ಎಂಥ ಕಾಡು ಎಂದು ನಮ್ಮ ಕಡೆಯವರು ಕೇಳಬಹುದು. ರಾತ್ರಿಯೆಲ್ಲ ಆನೆಯಿಂದ ರಾಗಿ ಕಾಯ್ದವರು ಯಾರೂ ಕೇಳುವುದಿಲ್ಲ. ರಜ ಮುಗಿಯುವವರೆಗೆ ಬಂದ ಫೋಟೋಗಳನ್ನು ನೋಡಬೇಕಿತ್ತು: ಪಾಚಿಯ ಮೇಲೆ ಅಂಗಾತ ಮಲಗಿದ ಪವಿತ್ರ, ಕೆರೆಯಲ್ಲಿ ಕಾಲು ಇಳಿಬಿಟ್ಟ ಪವಿತ್ರ, ನೀಲಿ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡ ಪವಿತ್ರ. ಬೂಟಿನ ತುಂಬ ಕೆಸರು! ಆ ಫೋಟೋವನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ತೋರಿಸಿದ್ದೇನೆ. "ಇದ್ರಲ್ಲೇನೈತೆ?" ಎಂದರು. ಅವರಿಗೇನು ಗೊತ್ತು.

ರಜ ಮುಗಿಯಿತು. ಬಳ್ಳಿಯಲ್ಲಿ ಒಂದು ಮೊಗ್ಗೂ ಇರಲಿಲ್ಲ. ನಾನು ಹೆದರುತ್ತಲೇ ಕೇಳಿದೆ, "ಬತ್ತೀಯೇನವ್ವಾ?"

"ಎಲ್ಲಿಗೆ ತಾತ? ಭಾನುವಾರ ಅಣಬೆ ಕೀಳಕ್ಕೋಗ್ಬೇಕು," ಎಂದಳು. ಓದು ಬಿಟ್ಟು ಬರುವ ಮಾತಾಡಿದ್ದೇ ಮರೆತುಹೋಗಿತ್ತು ಅವಳಿಗೆ.

ದಸರಾ ಹೊತ್ತಿಗೆ, ಅಲ್ಲಿ ಹಗಲು ಮೋಟಾದ ಮೇಲೆ, ಅವರೆ ಹೂ ಬಿಟ್ಟಿತು; ಮುನಿಯಮ್ಮ ಹೇಳಿದ್ದ ಹಾಗೇ. ನಾನು ಮಾತ್ರ ಚಪ್ಪಲಿಯ ಮಹಿಮೆ ಎಂದು ಊರೆಲ್ಲ ಹೇಳಿದೆ. ಅದು ಪವಿತ್ರಳ ಕಿವಿಗೂ ಬಿತ್ತು. "ತಾತ, ನೀನು ಯಾವತ್ತಾದ್ರೂ ಒಂದು ಗಿಡ ಬೆಳ್ಸಿದ್ದೀಯಾ? ಒಂದು ಕಾಳು ಹಾಕಿ ಫೋಟೋ ಕಳ್ಸು ನೋಡಾನ," ಎಂದಳು.

ಈಗ ಜಗಲಿಯ ಮೇಲೆ ಒಡೆದ ಬಕೆಟ್ಟಿನಲ್ಲಿ ನನ್ನದೂ ಒಂದು ಅವರೆ ಇದೆ. ದಿನಕ್ಕೆ ಮೂರು ಸಲ ನೀರು ಹಾಕಿ ಬೇರು ಕೊಳೆಸುತ್ತಿದ್ದೇನೆಂದು ಮುನಿಯಮ್ಮ ಹೇಳುತ್ತಾಳೆ. ನಿನ್ನೆ ನನ್ನ ಹಳೇ ಫ್ಯಾಕ್ಟರಿ ಬೂಟು ತಂದು ನೇತುಹಾಕಿದಳು. ಪೊರಕೆ ಹಿಡಿದು, "ಈ ವಯಸ್ಸಲ್ಲಾದ್ರೂ ಒಂದ್ ಹೂ ಬುಡ್ತೀಯೋ ಇಲ್ವೋ?" ಎಂದು ಗದರಿಸಿದಳು. ಬೂಟು ನೇತಾಡುತ್ತಿದ್ದುದು ಬಳ್ಳಿಗಲ್ಲ, ನನ್ನ ಕುರ್ಚಿಗೆ.