ಮಾವನ ಬೈಗುಳಕ್ಕೆ ನನ್ನ ಹಿಂದಿ ಅನುವಾದ

ನನಗೆ ಹಿಂದಿ ಬರುತ್ತದೆ. ಹೈಸ್ಕೂಲಿನಲ್ಲೇ ಮೂರು ಹಿಂದಿ ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ಮಂಡ್ಯದ ಮನೆಯ ಗೋಡೆಗೆ ತೂಗುಹಾಕಿದ್ದೇನೆ. ಇಷ್ಟೆಲ್ಲ ವಿದ್ಯೆ ಇದ್ದೂ ಅದರಿಂದ ಇದುವರೆಗೆ ಯಾರಿಗೂ ಉಪಯೋಗವಾಗಿರಲಿಲ್ಲ.

ಮದ್ದೂರಿನ ಹತ್ತಿರ ನನ್ನ ಮಾವನವರ ಆಲೆಮನೆ ಇದೆ. ಈ ಸಲ ಬೆಲ್ಲದ ಪಾಕ ನೋಡಲು ಉತ್ತರ ಪ್ರದೇಶದ ರಾಮಲಾಲ್ ಬಂದಿದ್ದ. ಭಾನುವಾರ ನಾನೂ ಹೆಂಡತಿಯೂ ಹೋದಾಗ, ಮಾವ ಬಿಸಿ ಬೆಲ್ಲದ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ನಿನ್ ಮನೆ ಆಳಾಗ! ಎಂತಾ ಬೆಲ್ಲ ತೆಗ್ದಿದ್ದೀಯ್ಲಾ, ಕಳ್ನನ್ಮಗ್ನೆ!"

ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕಡೆ ಇಲ್ಲ. ರಾಮಲಾಲನೂ ನಗುತ್ತಿದ್ದ. ಪಾಪ, ಅರ್ಥವಾಗದೆ ನಗುತ್ತಿದ್ದಾನೆ ಅಂದುಕೊಂಡೆ!

ಅನುವಾದಕನಾದವನು ಏನನ್ನೂ ಬಿಡಬಾರದು ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಅವನ ಮನೆ ಹಾಳಾಗಬೇಕೆಂದೂ, ಅವನ ತಂದೆ ಕಳ್ಳನೆಂದೂ ಶುದ್ಧ ಹಿಂದಿಯಲ್ಲಿ ತಿಳಿಸಿದೆ. ಅವನ ನಗು ನಿಂತಿತು. ಉಚ್ಚಾರಣೆ ಸರಿಯಾಗಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ, ಬೆರಳು ತೋರಿಸಿ ಹೇಳಿದೆ. ಅವನು ಸೌಟು ಕೆಳಗಿಟ್ಟು, ಶೆಡ್ಡಿಗೆ ಹೋಗಿ ಹಾಸಿಗೆ ಸುತ್ತತೊಡಗಿದ!

ಕಡಿದ ಕಬ್ಬು ಆಲೆಮನೆಯ ಮುಂದೆ ರಾಶಿ ಬಿದ್ದಿತ್ತು. ಅವನು ಹೋದರೆ ಅಷ್ಟೂ ಒಣಗುತ್ತದೆ. ಮಾವನ ಮುಖ ಬಿಳಿಚಿಕೊಂಡಿತು.

"ಏನಂದ್ರಿ ಅಳಿಮಯ್ಯ?"

"ನೀವು ಅಂದದ್ದನ್ನೇ ಅಂದೆ. ಒಂದಕ್ಷರ ಸೇರಿಸಿಲ್ಲ."

ಕ್ಷಮೆ ಕೇಳೋಣವೆಂದು ಹಿಂದಿಯಲ್ಲಿ ಬಾಯಿ ತೆರೆದೆ. ಅವನು ಚೀಲದ ಜಿಪ್ ಎಳೆದ.

"ನೀವೊಸಿ ಬಾಯ್ ಮುಚ್ಕಂಡ್ ನಿಂತ್ಕಳ್ರೀ!" ಎಂದು ಹೆಂಡತಿ ಮುಂದೆ ಬಂದಳು. "ಯಾಕಣ್ಣ, ಏನಾಯ್ತು?"

ರಾಮಲಾಲ್ ಅಚ್ಚ ಕನ್ನಡದಲ್ಲಿ ಹೇಳಿದ: "ಅಕ್ಕಾ, ಮಳವಳ್ಳಿ ಕಡೆ ಆಲೆಮನೇಲಿ ಆರು ವರ್ಸ ಇದ್ದೆ. ಯಜಮಾನ್ರು ಬೈದ್ರೆ ನಂಗೆ ಕುಸಿನೇ. ಬೈನಿಲ್ಲ ಅಂದ್ರೆ ಬೆಲ್ಲ ಕೆಟ್ಟದೆ ಅಂತ ಬಯ. ಇವ್ರು ನಮ್ ಬಾಸೇಲಿ, ನಮ್ಮಪ್ಪನ್ನ ಕಳ್ಳ ಅಂದ್ರಲ್ಲ, ಅದು ಬೈಗ್ಳ!"

ನನಗೆ ನಿಜಕ್ಕೂ ನಾಚಿಕೆಯಾಯಿತು. ಕೊನೆಗೆ ಅವನು ಒಂದೇ ಷರತ್ತಿನ ಮೇಲೆ ಹಾಸಿಗೆ ಬಿಚ್ಚಲು ಒಪ್ಪಿದ: ಕಬ್ಬು ಮುಗಿಯುವ ತನಕ ನಾನು ಆಲೆಮನೆಗೆ ಕಾಲಿಡಬಾರದು. ಮಾವ ಅರೆಕ್ಷಣವೂ ಯೋಚಿಸದೆ, "ಆಯ್ತು ಕಣಪ್ಪ" ಎಂದುಬಿಟ್ಟರು!

ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಗೆ ಹೇಳಿಕೊಂಡೆ, "ನಿಮ್ಮಪ್ಪ ಒಂದು ಮಾತಾದರೂ ನನ್ನ ಪರವಾಗಿ ಆಡಬಹುದಿತ್ತು."

"ಪಾಕ ಗೊತ್ತಿರೋರು ಸಿಗದು ಕಷ್ಟ ಕಣ್ರೀ," ಎಂದಳು. "ಅಪ್ಪಂಗೆ ಅಳಿಯಂದ್ರು ಇನ್ನೂ ಇಬ್ರವ್ರೆ."