ಕಿಲುಬಿನ ವಿರುದ್ಧ ದಂಡಯಾತ್ರೆ

ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನಿಗೆ ತನ್ನ ಮನೆಯ ಒಂದು ಪೈಪು ಉಜ್ಜುವ ಅಧಿಕಾರವೂ ಇಲ್ಲವೆಂದರೆ ಈ ಅನ್ಯಾಯವನ್ನು ಯಾರಿಗೆ ಹೇಳಿಕೊಳ್ಳಲಿ? ಬಚ್ಚಲುಮನೆಯ ತಾಮ್ರದ ಪೈಪು ಗೋಡೆಯೊಳಗೆ ತಿರುಗುವ ಕಡೆ ಹಸಿರು ಕಿಲುಬು ಹತ್ತಿತ್ತು. ಹಲ್ಲುಜ್ಜುವಾಗಲೆಲ್ಲ ಅದು ನನ್ನ ಪಾಂಡಿತ್ಯವನ್ನು ಅಣಕಿಸುತ್ತಿತ್ತು.

"ರೀ, ಅದನ್ನ ಮುಟ್ಟಬೇಡಿ. ನನ್ನ ತಮ್ಮನ್ನ ಕರೀತೀನಿ," ಎಂದಳು ಹೆಂಡತಿ.

ಅವಳ ತಮ್ಮ ಪ್ಲಂಬರ್. ಹೋದ ವರ್ಷ ಅತ್ತೆ ಮಾವನ ಎದುರಿಗೇ ನಾನು, "ನಲ್ಲಿ ರಿಪೇರಿ ಏನು ಮಹಾ ವಿದ್ಯೆ, ಓದಿದೋರಿಗೆ ಅರ್ಧ ಗಂಟೆ ಕೆಲಸ," ಎಂದು ನಾಲಿಗೆ ಹರಿಬಿಟ್ಟಿದ್ದೆ. ಅವನು ನಗುತ್ತಾ, "ಆಯ್ತು ಭಾವ, ಬೇಕಾದಾಗ ಕರೀರಿ," ಎಂದಿದ್ದ. ಆ ನಗು ಕಂಡ ಮೇಲೆ ಅವನನ್ನು ಕರೆಯುವುದೆಂದರೆ ನನ್ನ ಮಾನ ಬೀದಿಪಾಲಾದಂತೆಯೇ.

"ಕಿಲುಬು ಅಂದ್ರೆ ತಾಮ್ರಕ್ಕೆ ಗಾಳಿ, ತೇವ ತಗುಲಿ ಹುಟ್ಟೋ ಲವಣ. ಆಮ್ಲ ಬಿದ್ರೆ ಕರಗುತ್ತೆ," ಎಂದೆ.

"ಒಳಗಿಂದ ನೀರು ಜಿನುಗಿದ್ರೂ ಹಾಗೆ ಹಸಿರಾಗುತ್ತಂತೆ. ತಮ್ಮ ಹೇಳ್ತಿದ್ದ."

"ನಿನ್ನ ತಮ್ಮ ವಿಜ್ಞಾನದಲ್ಲಿ ಎಷ್ಟು ಅಂಕ ತೆಗೆದಿದ್ದ ಅಂತ ಕೇಳು."

ನಾಲ್ಕು ನಿಂಬೆಹಣ್ಣು, ಹಿಡಿ ಉಪ್ಪು ಮತ್ತು ಹೆಂಡತಿಯ ಹಳೇ ಬ್ರಶ್ಶಿನೊಂದಿಗೆ (ಅದು ಹಳೆಯದಲ್ಲವೆಂದು ಆಮೇಲೆ ತಿಳಿಯಿತು) ರಣರಂಗಕ್ಕಿಳಿದೆ. ಹತ್ತೇ ನಿಮಿಷದಲ್ಲಿ ಪೈಪು ಹೊಸದರಂತೆ ಹೊಳೆಯಿತು. ಬಂದು ನೋಡೆಂದು ಹೆಂಡತಿಯನ್ನು ಕೂಗಿದೆ. ಅವಳು ಬಾಗಿಲಿಗೆ ಬರುವುದಕ್ಕೂ ಪೈಪಿನಿಂದ ನೂಲಿನಂಥ ನೀರು ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು. ಇಷ್ಟು ದಿನ ಪೈಪಿನ ತೂತನ್ನು ಮುಚ್ಚಿಕೊಂಡಿದ್ದುದು ಆ ಕಿಲುಬೇ. ಹೆಬ್ಬೆರಳಿಂದ ತೂತನ್ನು ಅದುಮಿ ಹಿಡಿದೆ.

"ನಿನ್ನ ತಮ್ಮನಿಗೆ ಫೋನ್ ಮಾಡು," ಎಂದೆ. ಆ ನಾಲ್ಕು ಮಾತು ಗಂಟಲಿನಿಂದ ಹೊರಬರಲು ಪಟ್ಟ ಪಾಡು ನನಗೇ ಗೊತ್ತು.

ಒಂದು ಗಂಟೆ ಹಾಗೇ ಬಗ್ಗಿ ನಿಂತೆ. ಕಾಲು ಜೋಮು ಹಿಡಿಯಿತು, ಸೊಂಟ ಹಿಡಿಯಿತು, ಮೂಗು ತುರಿಸಿದರೂ ಕೈ ಎತ್ತಲಿಲ್ಲ. ಹೆಂಡತಿ ಎರಡು ಸಲ ಇಣುಕಿ, "ಹಾಗೇ ಹಿಡ್ಕೊಂಡಿರಿ," ಎಂದು ಹೋದಳು. ಭಾವಮೈದುನ ಬಂದದ್ದು ಕೇಳಿಸಿತು. ಆಮೇಲೆ ಹೊರಗಡೆ ಕಾಫಿ ಲೋಟದ ಸದ್ದು, ಅಕ್ಕ ತಮ್ಮಂದಿರ ನಗು. ಮನೆ ಮುಳುಗದಂತೆ ನಾನೊಬ್ಬನೇ ಜೀವ ತೇಯುತ್ತಿರುವಾಗ ಇವರಿಗೆ ಹರಟೆ ಬೇಕಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಕೊನೆಗೂ ಬಂದವನು, "ಭಾವ, ಬೆರಳು ತೆಗೀರಿ," ಎಂದ.

"ತೆಗೆದ್ರೆ ಮನೆಯೆಲ್ಲ ನೀರಾಗುತ್ತಪ್ಪ."

"ಪರವಾಗಿಲ್ಲ, ತೆಗೀರಿ."

ಕಣ್ಣು ಮುಚ್ಚಿ ತೆಗೆದೆ. ಒಂದು ಹನಿಯೂ ಬರಲಿಲ್ಲ.

"ಟ್ಯಾಂಕಿನ ವಾಲ್ವು ಅಕ್ಕ ಆಗಲೇ ಬಂದ್ ಮಾಡಿದ್ದಾಳಲ್ಲ."

ಹೆಂಡತಿಯ ಕಡೆ ತಿರುಗಿದೆ. "ಯಾವಾಗ?"

"ಇವನಿಗೆ ಫೋನ್ ಮಾಡೋಕೂ ಮುಂಚೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮ ಕೈ ಖಾಲಿ ಆಗ್ತಿತ್ತು," ಎಂದಳು. "ಅಡುಗೆಮನೇಲಿ ಇನ್ನೂ ಮೂರು ಪೈಪಿವೆ, ಅವಾದ್ರೂ ಉಳೀಲಿ ಅಂತ ಸುಮ್ಮನಿದ್ದೆ."